ಬಯೋಸ್‌ಗೆ ಕಂಡ ಡಿಸ್ಕ್ ಎಕ್ಸ್‌ಪಿಗೆ ಕಾಣಲಿಲ್ಲ

ಮಾವನ ಫಿಲ್ಮ್ ಸ್ಕ್ಯಾನರ್‌ಗೆ ವಿಂಡೋಸ್ ಎಕ್ಸ್‌ಪಿಯೇ ಆಗಬೇಕು. ಅದನ್ನು ವಿಂಡೋಸ್ ಮಾತಾಡಿಸಲು ಬೇಕಾದ ತಂತ್ರಾಂಶ, ಅಂದರೆ ಡ್ರೈವರ್, ಬರೆದಿದ್ದೇ 32 ಬಿಟ್ ಎಕ್ಸ್‌ಪಿಗಾಗಿ, ಆಮೇಲೆ ಹೊಸದು ಬರಲೇ ಇಲ್ಲ. ಸ್ಕ್ಯಾನರ್‌ಗೆ ಮಾತ್ರ ಏನೂ ಆಗಿಲ್ಲ. ಲೆನ್ಸ್ ಚೊಕ್ಕಟವಾಗಿದೆ, ಮೋಟರ್ ಹದವಾಗಿ ಓಡುತ್ತದೆ, 35 ಎಂಎಂ ನೆಗೆಟಿವ್ ಪಟ್ಟಿಯ ತುದಿ ತೋರಿಸಿದರೆ ಸಾಕು, ಮೆಲ್ಲಗೆ ಒಳಗೆ ಎಳೆದುಕೊಳ್ಳುತ್ತದೆ. ಕೈಕೊಟ್ಟಿದ್ದು ಅದನ್ನು ಜೋಡಿಸಿದ್ದ ಹಳೆಯ ಕಂಪ್ಯೂಟರ್. ಮದರ್‌ಬೋರ್ಡ್ ಮೇಲಿನ ಕೆಪಾಸಿಟರ್‌ಗಳು ಉಬ್ಬಿಹೋಗಿದ್ದವು. ಮಾವ ಜೀವಮಾನವಿಡೀ ತೆಗೆದ ಫೋಟೊಗಳಲ್ಲಿ ಅರ್ಧದಷ್ಟು ಇನ್ನೂ ನೆಗೆಟಿವ್‌ನಲ್ಲೇ ಉಳಿದಿದ್ದವು.

"ನಿನ್ನ ಹಳೇ ಲ್ಯಾಪ್‌ಟಾಪ್ ಇದೆಯಲ್ಲೋ, ಅದಕ್ಕೆ ಹಾಕಕ್ಕಾಗಲ್ವಾ?" ಅಂದರು.

"ಆಗುತ್ತೆ ಮಾವ. ಒಂದು ಸಂಜೆ ಕೆಲಸ" ಅಂದೆ. ಹಿಡಿದದ್ದು ಒಂದು ವಾರ.

ವರ್ಚುವಲ್ ಮಷೀನ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಕಟ್ಟಿದ ನಕಲಿ ಕಂಪ್ಯೂಟರಿನಲ್ಲಿ, ಮಾಡಬಹುದಿತ್ತಲ್ಲ ಎಂದು ಕೇಳುವವರು ಇದ್ದೇ ಇರುತ್ತಾರೆ. ನಾನೂ ಮೊದಲು ಅದನ್ನೇ ಮಾಡಿದ್ದು. ಎಕ್ಸ್‌ಪಿ ಸಲೀಸಾಗಿ ಕೂತಿತು, ಸ್ಕ್ಯಾನರ್ ಕೂಡ ಕಾಣಿಸಿತು. ಆದರೆ ಹೆಚ್ಚು ರೆಸಲ್ಯೂಶನ್ನಿನಲ್ಲಿ ಸ್ಕ್ಯಾನ್ ಶುರುವಾಗಿ ಮುಕ್ಕಾಲು ಭಾಗ ಮುಗಿಯುವ ಹೊತ್ತಿಗೆ ಯುಎಸ್‌ಬಿ ಸಂಪರ್ಕ ಕಡಿದುಹೋಗುತ್ತಿತ್ತು. ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ಅದೇ ಕಥೆ. ನಿಜವಾದ ಯಂತ್ರದ ಮೇಲೇ ಎಕ್ಸ್‌ಪಿ ಹಾಕಬೇಕೆಂದು ಆಗ ತೀರ್ಮಾನಿಸಿದೆ.

ನನ್ನ ಬಳಿ ಇದ್ದದ್ದು ಸರ್ವಿಸ್ ಪ್ಯಾಕ್ 2 ಇರುವ ಎಕ್ಸ್‌ಪಿಯ ಅಸಲಿ ಸಿಡಿ. ಅದನ್ನು ಲ್ಯಾಪ್‌ಟಾಪ್‌ಗೆ ತುರುಕಿ ಬೂಟ್ ಮಾಡಿದೆ. ನೀಲಿ ಪರದೆ, ಕೆಳಗೆ ಬೂದು ಪಟ್ಟಿ, ಆ ಪಟ್ಟಿಯಲ್ಲಿ ಒಂದಾದ ಮೇಲೊಂದು ಫೈಲ್ ಹೆಸರು. ಕೊನೆಗೆ ಸೆಟಪ್ ಈಗ ವಿಂಡೋಸನ್ನು ಶುರುಮಾಡುತ್ತಿದೆ ಎಂಬ ಸಾಲು ಬಂತು. ಮರುಕ್ಷಣವೇ ಬೇರೆ ಥರದ ನೀಲಿ ಪರದೆ, ಅದರ ತುಂಬ ಬಿಳಿ ಅಕ್ಷರ, ತಳದಲ್ಲಿ ಒಂದು ಸ್ಟಾಪ್ ಕೋಡ್. ಅದರ ಕೊನೆಯ ಎರಡು ಅಕ್ಷರ 7ಬಿ. ಬೂಟ್ ಆಗಬೇಕಾದ ಸಾಧನ ಕೈಗೆ ಸಿಗುತ್ತಿಲ್ಲ ಎಂದು ಅದರ ಅರ್ಥ.

ಬಯೋಸ್‌ನೊಳಗೆ, ಅಂದರೆ ಯಂತ್ರ ಎದ್ದ ಕೂಡಲೇ ಮೊದಲು ಓಡುವ ಮದರ್‌ಬೋರ್ಡಿನದೇ ತಂತ್ರಾಂಶದೊಳಗೆ, ಹೋಗಿ ನೋಡಿದರೆ ಡಿಸ್ಕ್ ಇದೆ. ಹೆಸರು, ಗಾತ್ರ ಎಲ್ಲ ಸರಿಯಾಗಿದೆ. ಸಿಡಿ ಡ್ರೈವ್ ಇದೆ, ಅದರಿಂದಲೇ ತಾನೆ ಇಷ್ಟು ಹೊತ್ತು ಬೂಟ್ ಆದದ್ದು! ಹಾಗಿದ್ದ ಮೇಲೆ ಕಾಣದೆ ಹೋದದ್ದು ಯಾರಿಗೆ, ಯಾವಾಗ?

ಈ ಪ್ರಶ್ನೆಯ ಉತ್ತರ ಗೊತ್ತಾದ ಮೇಲೆ ಉಳಿದದ್ದೆಲ್ಲ ಬಿಡಿಸಿಕೊಳ್ಳುತ್ತಾ ಹೋಯಿತು, ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಿಡಿಯಿಂದ ಮೊದಲ ಫೈಲ್‌ಗಳನ್ನು ಓದುವಾಗ ಸೆಟಪ್ ತಾನಾಗಿ ಏನನ್ನೂ ಓದುವುದಿಲ್ಲ. ಬಯೋಸನ್ನು ಕೇಳುತ್ತದೆ, ಬಯೋಸ್ ಓದಿ ಕೊಡುತ್ತದೆ. ಬೂದು ಪಟ್ಟಿಯಲ್ಲಿ ಹೆಸರುಗಳು ಓಡುವಷ್ಟು ಹೊತ್ತೂ ನಡೆಯುವುದು ಇದೇ. ಅದು ಮುಗಿದು ವಿಂಡೋಸಿನ ತಿರುಳಾದ ಕರ್ನಲ್ ಶುರುವಾದ ಗಳಿಗೆಯಿಂದ ಬಯೋಸಿನ ಸಹಾಯ ನಿಂತುಹೋಗುತ್ತದೆ. ಹೊಸಿಲವರೆಗೆ ಕೈಹಿಡಿದು ಕರೆತಂದವನು ಅಲ್ಲಿಂದ ಹಿಂದಿರುಗಿದ ಹಾಗೆ. ಇನ್ನು ಮುಂದೆ ಡಿಸ್ಕ್ ಬೇಕಿದ್ದರೂ ಸಿಡಿ ಬೇಕಿದ್ದರೂ ಕರ್ನಲ್ ತನ್ನದೇ ಡ್ರೈವರ್ ಇಟ್ಟುಕೊಂಡು, ಅವನ್ನು ನಡೆಸುವ ಚಿಪ್ಪಾದ ಕಂಟ್ರೋಲರ್ ಜೊತೆ ಮಾತಾಡಬೇಕು. ಎಕ್ಸ್‌ಪಿಯ ಚೀಲದಲ್ಲಿ ಆ ಡ್ರೈವರ್ ಇಲ್ಲ.

ಇರಲು ಸಾಧ್ಯವೂ ಇರಲಿಲ್ಲ. ಎಕ್ಸ್‌ಪಿ ಬಂದದ್ದು 2001ರ ಅಕ್ಟೋಬರ್‌ನಲ್ಲಿ. ಸಾಟಾ ಎಂಬ ಹೊಸ ಬಗೆಯ ಜೋಡಣೆಯ ಡಿಸ್ಕ್‌ಗಳ ಜೊತೆ ಮಾತಾಡುವ ಎಎಚ್‌ಸಿಐ ಎಂಬ ಕ್ರಮದ ಮೊದಲ ಆವೃತ್ತಿ ಪ್ರಕಟವಾದದ್ದು 2004ರಲ್ಲಿ. 2008ರ ಸರ್ವಿಸ್ ಪ್ಯಾಕ್ 3 ಕೂಡ ಆ ಡ್ರೈವರನ್ನು ತರಲಿಲ್ಲ. ವಿಂಡೋಸಿನ ಜೊತೆಗೇ ಅದು ಬರತೊಡಗಿದ್ದು ವಿಸ್ಟಾದಿಂದ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು ಇಂಟೆಲ್‌ನ ಐಸಿಎಚ್9ಎಂ ಚಿಪ್. ಅದರಲ್ಲಿ ಹಳೆಯ ಐಡಿಇ ಕೇಬಲ್ಲಿನ ಚಾನೆಲ್ ಇಲ್ಲವೇ ಇಲ್ಲ, ಡಿಸ್ಕೂ ಸಿಡಿ ಡ್ರೈವೂ ಎರಡೂ ಸಾಟಾ. ಹಾಗಾಗಿ ಕರ್ನಲ್ ಎದ್ದ ಕ್ಷಣಕ್ಕೆ ಡಿಸ್ಕ್ ಹೋಗಲಿ, ತಾನು ಬಂದ ಸಿಡಿಯೇ ಅದಕ್ಕೆ ಕಾಣದೆ ಹೋಯಿತು.

ಬಯೋಸ್‌ನಲ್ಲಿ ಸಾಟಾ ಮೋಡ್ ಬದಲಿಸುವ ಆಯ್ಕೆ ಇದ್ದರೆ ಇದಕ್ಕೆ ಸುಲಭದ ದಾರಿ ಇದೆ. ಎಎಚ್‌ಸಿಐ ಇದ್ದಲ್ಲಿ ಐಡಿಇ ಅಥವಾ ಕಂಪ್ಯಾಟಿಬಲ್ ಎಂದು ಬದಲಿಸಿದರೆ ಕಂಟ್ರೋಲರ್ ಹಳೆಯ ವೇಷ ಹಾಕಿಕೊಂಡು ನಿಲ್ಲುತ್ತದೆ, ಎಕ್ಸ್‌ಪಿ ತನ್ನ ಹಳೆಯ ಡ್ರೈವರ್‌ನಿಂದಲೇ ಅದನ್ನು ಮಾತಾಡಿಸುತ್ತದೆ. ವೇಗ ತುಸು ಕಡಿಮೆಯಾಗುತ್ತದೆ, ಕೆಲಸ ನಡೆಯುತ್ತದೆ. ನಿಮ್ಮ ಯಂತ್ರದಲ್ಲಿ ಆ ಆಯ್ಕೆ ಇದ್ದರೆ ಹಿಂದೆಮುಂದೆ ನೋಡದೆ ಹಾಗೇ ಮಾಡಿ. ನನ್ನ ಲ್ಯಾಪ್‌ಟಾಪ್ ತಯಾರಿಸಿದವರು ಆ ಸಾಲನ್ನೇ ಇಟ್ಟಿರಲಿಲ್ಲ. ಬಯೋಸ್‌ನ ಪ್ರತಿಯೊಂದು ಪುಟವನ್ನೂ ಎರಡೆರಡು ಸಲ ತಿರುವಿದೆ. ಗಡಿಯಾರ ಇದೆ, ಪಾಸ್‌ವರ್ಡ್ ಇದೆ, ಬೂಟ್ ಕ್ರಮ ಇದೆ, ಇದೊಂದು ಇಲ್ಲ.

ಆಗ ಉಳಿದದ್ದು ಎಫ್6 ದಾರಿ. ಸೆಟಪ್ ಶುರುವಾದ ಕೆಲವೇ ಸೆಕೆಂಡಿನಲ್ಲಿ ಬೂದು ಪಟ್ಟಿಯಲ್ಲಿ ಒಂದು ಸಾಲು ಮೂಡಿ ಮಾಯವಾಗುತ್ತದೆ: ಬೇರೆ ಕಂಪನಿಯ ಸ್ಕಸಿ ಅಥವಾ ರೇಡ್ (ಎರಡೂ ಡಿಸ್ಕ್ ಜೋಡಿಸುವ ಬಗೆಗಳು) ಡ್ರೈವರ್ ಹಾಕಬೇಕಿದ್ದರೆ ಎಫ್6 ಒತ್ತಿ. ಒತ್ತಿದರೆ ತಕ್ಷಣ ಏನೂ ಆಗುವುದಿಲ್ಲ. ಒತ್ತಿದ್ದು ತಲುಪಿತೋ ಇಲ್ಲವೋ ಎಂದೇ ತಿಳಿಯುವುದಿಲ್ಲ. ಮೊದಲ ಸಲ ತಲುಪಲಿಲ್ಲ ಅಂದುಕೊಂಡು ನಾನು ರೀಸ್ಟಾರ್ಟ್ ಮಾಡಿಬಿಟ್ಟೆ. ಕಾಯಬೇಕು. ಫೈಲ್‌ಗಳು ಓಡುತ್ತಾ ಓಡುತ್ತಾ ಸ್ವಲ್ಪ ಹೊತ್ತಾದ ಮೇಲೆ, ಡಿಸ್ಕ್ ಕಂಟ್ರೋಲರ್ ಯಾವುದೆಂದು ತಿಳಿಯುತ್ತಿಲ್ಲ, ಡ್ರೈವರ್ ಇದ್ದರೆ ಎಸ್ ಒತ್ತಿ ಎಂಬ ಪರದೆ ಬರುತ್ತದೆ. ಎಸ್ ಒತ್ತಿದರೆ ಡ್ರೈವರ್ ಇರುವ ಡಿಸ್ಕನ್ನು ಎ ಡ್ರೈವ್‌ಗೆ ಹಾಕಿ ಅನ್ನುತ್ತದೆ. ಎ ಅಂದರೆ ಫ್ಲಾಪಿ. ಪೆನ್ ಡ್ರೈವ್ ಬೇಡ, ಸಿಡಿಯೂ ಬೇಡ, ಫ್ಲಾಪಿಯೇ.

ಮಾವನ ಅಟ್ಟದ ಪೆಟ್ಟಿಗೆಯಲ್ಲಿ ಯುಎಸ್‌ಬಿ ಫ್ಲಾಪಿ ಡ್ರೈವ್ ಒಂದು ಸಿಕ್ಕಿತು, ಜೊತೆಗೆ ಹತ್ತು ಫ್ಲಾಪಿಗಳ ಒಂದು ಡಬ್ಬಿ. ಎಂಟರಲ್ಲಿ ಬ್ಯಾಡ್ ಸೆಕ್ಟರ್. ಒಂಬತ್ತನೆಯದು ಚೆನ್ನಾಗಿ ಫಾರ್ಮ್ಯಾಟ್ ಆಯಿತು. ಇಂಟೆಲ್‌ನ ಮ್ಯಾಟ್ರಿಕ್ಸ್ ಸ್ಟೋರೇಜ್ ಡ್ರೈವರ್ ಪ್ಯಾಕೇಜಿನ 32 ಬಿಟ್ ಫೈಲ್‌ಗಳನ್ನು ಅದಕ್ಕೆ ನಕಲು ಮಾಡಿದೆ. ಇರುವುದು ಬೆರಳೆಣಿಕೆಯ ಫೈಲ್‌ಗಳು: ಐಎಸ್ಟೋರ್ ಎಂಬ ಅಸಲಿ ಡ್ರೈವರ್, ಅದನ್ನು ಹೇಗೆ ಹಾಕಬೇಕೆಂದು ವಿಂಡೋಸಿಗೆ ಹೇಳುವ ಎರಡು ಐಎನ್ಎಫ್ ಫೈಲ್, ಅವುಗಳ ಸಹಿ ಫೈಲ್‌ಗಳು, ಮತ್ತು ಟೆಕ್ಸ್ಟ್‌ಸೆಟಪ್ ಡಾಟ್ ಒಇಎಂ. ಈ ಕೊನೆಯದು ಫೋಲ್ಡರ್‌ನ ಒಳಗೆ ಕೂರದೆ ಫ್ಲಾಪಿಯ ಹೊರ ಅಂಗಳದಲ್ಲೇ ಇರಬೇಕು, ಇಲ್ಲದಿದ್ದರೆ ಸೆಟಪ್‌ಗೆ ಸಿಗುವುದಿಲ್ಲ.

ಆ ಒಇಎಂ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಬರೀ ಅಕ್ಷರ, ಯಾರು ಬೇಕಾದರೂ ಓದಬಹುದು. ಅಲ್ಲಿ ಒಂದೊಂದು ಕಂಟ್ರೋಲರ್‌ಗೂ ಒಂದೊಂದು ಸಾಲು ಇರುತ್ತದೆ. ನನ್ನದರ ಸಾಲಿನಲ್ಲಿ ಇದ್ದದ್ದು: ಪಿಸಿಐ, ವೆನ್ 8086, ಡೆವ್ 2929, ಸಿಸಿ 0106. 8086 ಎಂದರೆ ಇಂಟೆಲ್. 2929 ಎಂದರೆ ಎಎಚ್‌ಸಿಐ ಮೋಡ್‌ನಲ್ಲಿರುವ ಐಸಿಎಚ್9ಎಂ. 0106 ಎಂದರೆ ಇದು ಡಿಸ್ಕ್ ನೋಡಿಕೊಳ್ಳುವ ಸಾಟಾ ಸಾಧನ. ಇದೇ ಚಿಪ್ ಐಡಿಇ ವೇಷದಲ್ಲಿದ್ದರೆ ಸಂಖ್ಯೆ 2928 ಆಗುತ್ತದೆ. ಡೆಸ್ಕ್‌ಟಾಪ್‌ನ ಐಸಿಎಚ್9ಆರ್ ಆದರೆ 2922. ಡ್ರೈವರ್ ಹುಡುಕುವವರು ಲ್ಯಾಪ್‌ಟಾಪ್‌ನ ಮಾಡೆಲ್ ಹೆಸರು ಹಿಡಿದು ಹೊರಡುವುದೇ ಹೆಚ್ಚು. ಹೆಸರು ದಾರಿ ತಪ್ಪಿಸುತ್ತದೆ, ಈ ಸಂಖ್ಯೆ ತಪ್ಪಿಸುವುದಿಲ್ಲ. ಪೆನ್ ಡ್ರೈವ್‌ನಿಂದ ಯಾವುದಾದರೂ ಲಿನಕ್ಸ್ ಬೂಟ್ ಮಾಡಿ ಟರ್ಮಿನಲ್‌ನಲ್ಲಿ ಎಲ್ಎಸ್‌ಪಿಸಿಐ ಆಜ್ಞೆಯನ್ನು ಎನ್ಎನ್ ಆಯ್ಕೆಯೊಂದಿಗೆ ಕೊಟ್ಟರೆ, ಯಂತ್ರದೊಳಗಿನ ಪ್ರತಿ ಸಾಧನದ ಸಂಖ್ಯೆಯೂ ಚೌಕ ಆವರಣದಲ್ಲಿ ಕಣ್ಣೆದುರು ಬರುತ್ತದೆ. ನಾನು ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಮಾಡಿದ್ದು ಮೂರನೆಯ ದಿನ.

ಫ್ಲಾಪಿ ಹಾಕಿ ಎಸ್ ಒತ್ತಿದೆ. ಎಷ್ಟೋ ವರ್ಷದ ಮೇಲೆ ಕೇಳಿದ ಆ ಗರಗರ ಸದ್ದು, ಆಮೇಲೆ ಕಂಟ್ರೋಲರ್‌ಗಳ ಪಟ್ಟಿ. ಪಟ್ಟಿಯ ಕಿಟಕಿ ಚಿಕ್ಕದು, ಒಮ್ಮೆಗೆ ಕೆಲವೇ ಸಾಲು ಕಾಣುತ್ತವೆ, ಕೆಳಬಾಣ ಒತ್ತಿದರೆ ಇನ್ನಷ್ಟು ಬರುತ್ತವೆ. ಅದು ತಿಳಿಯದೆ ಇದ್ದುದರಲ್ಲೇ ಒಂದನ್ನು ಆರಿಸಿ ಮತ್ತೆ 7ಬಿ ತರಿಸಿಕೊಂಡೆ. ಎರಡನೆಯ ಸಲ ಕೆಳಗಿಳಿದು ಐಸಿಎಚ್9ಎಂ ಸಾಲನ್ನೇ ಆರಿಸಿದೆ. ಈ ಸಲ ನೀಲಿ ಪರದೆ ಬರಲಿಲ್ಲ. ಲೈಸೆನ್ಸ್ ಪುಟ ಬಂತು, ಎಫ್8 ಒತ್ತಿದೆ, ಡಿಸ್ಕ್ ಕಾಣಿಸಿತು! ಪಾರ್ಟಿಷನ್ ಮಾಡಿ ಫಾರ್ಮ್ಯಾಟ್‌ಗೆ ಬಿಟ್ಟು ಮಾವನಿಗೆ ಫೋನ್ ಮಾಡಿದೆ.

"ಏನಾಯ್ತಪ್ಪಾ?"

"ಡಿಸ್ಕ್ ಸಿಕ್ತು ಮಾವ. ನಾಳೆ ನೆಗೆಟಿವ್ ತಗೊಂಡು ಬನ್ನಿ."

ಫೋನ್ ಇಟ್ಟು ಬಂದು ನೋಡಿದರೆ ಪರದೆಯ ಮೇಲೆ ಡ್ರೈವರ್ ಡಿಸ್ಕನ್ನು ಎ ಡ್ರೈವ್‌ಗೆ ಹಾಕಿ ಎಂಬ ಅದೇ ಮಾತು. ಫ್ಲಾಪಿ ಒಳಗೇ ಇದೆ. ಎಂಟರ್ ಒತ್ತಿದೆ, ಮತ್ತೆ ಅದೇ ಮಾತು. ಫ್ಲಾಪಿ ತೆಗೆದು ಹಾಕಿದೆ, ಬೇರೆ ಪೋರ್ಟ್‌ಗೆ ಸಿಕ್ಕಿಸಿದೆ, ಡ್ರೈವ್‌ನ ದೀಪ ಕೂಡ ಹೊತ್ತಲಿಲ್ಲ. ಹೊರಬರಲು ಇದ್ದದ್ದು ಎಫ್3 ಒಂದೇ.

ಕಾರಣ ಮತ್ತೆ ಆ ಹೊಸಿಲೇ. ಮೊದಲ ಸಲ ಫ್ಲಾಪಿ ಓದಿಕೊಟ್ಟದ್ದು ಬಯೋಸ್. ಫೈಲ್ ನಕಲು ಮಾಡುವ ಹಂತದಲ್ಲಿ ಸೆಟಪ್ ಅದೇ ಫ್ಲಾಪಿಯನ್ನು ಎರಡನೆಯ ಸಲ ಕೇಳುತ್ತದೆ, ಆಗ ಓದಬೇಕಾದದ್ದು ಕರ್ನಲ್. ಎಕ್ಸ್‌ಪಿ ಸೆಟಪ್ ಈ ಹಂತದಲ್ಲಿ ಒಪ್ಪುವುದು ಕೆಲವೇ ಕೆಲವು ಯುಎಸ್‌ಬಿ ಫ್ಲಾಪಿ ಡ್ರೈವ್‌ಗಳನ್ನು, ಅದೂ ಅವುಗಳ ಗುರುತಿನ ಸಂಖ್ಯೆ ನೋಡಿ. ಮಾವನ ಡ್ರೈವ್‌ನ ಸಂಖ್ಯೆ ಆ ಪಟ್ಟಿಯಲ್ಲಿ ಇರಲಿಲ್ಲ. ಆ ರಾತ್ರಿ ನಿಜಕ್ಕೂ ಬೇಸರವಾಯಿತು. ದಡ ಮುಟ್ಟಿದೆ ಎಂದು ಹೇಳಿಯೂ ಆಗಿತ್ತು.

ಇನ್ನು ಫ್ಲಾಪಿಯ ಹಂಗೇ ಬೇಡ, ಡ್ರೈವರನ್ನು ಸಿಡಿಯೊಳಗೇ ಸೇರಿಸಿಬಿಡೋಣ ಎಂದು ಮರುದಿನ ಕೂತೆ. ಈ ಕೆಲಸಕ್ಕೆ ಎನ್‌ಲೈಟ್ ಎಂಬ ಹಳೆಯ ಉಪಕರಣ ಇದೆ. ಸಿಡಿಯನ್ನು ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ಮೊದಲು ಸರ್ವಿಸ್ ಪ್ಯಾಕ್ 3 ಸೇರಿಸಿ, ಆಮೇಲೆ ಡ್ರೈವರ್ ಸೇರಿಸಿ, ಹೊಸ ಐಎಸ್‌ಒ, ಅಂದರೆ ಇಡೀ ಸಿಡಿಯ ಪಡಿಯಚ್ಚಾದ ಒಂದು ಫೈಲ್, ಮಾಡಿಕೊಳ್ಳುವುದು. ಡ್ರೈವರ್ ಕೊಟ್ಟಾಗ ಅದು ಒಂದು ಪ್ರಶ್ನೆ ಕೇಳುತ್ತದೆ: ಟೆಕ್ಸ್ಟ್‌ಮೋಡ್ ಡ್ರೈವರೋ, ಪ್ಲಗ್ ಅಂಡ್ ಪ್ಲೇ ಡ್ರೈವರೋ? ಪ್ಲಗ್ ಅಂಡ್ ಪ್ಲೇ ಎಂದರೆ ವಿಂಡೋಸ್ ಕೂತು ಬಣ್ಣದ ಪರದೆ ಬಂದ ಮೇಲೆ ಹಾಕಿಕೊಳ್ಳುವಂಥದ್ದು. ಸೌಂಡ್, ನೆಟ್‌ವರ್ಕ್ ಕಾರ್ಡ್‌ಗೆ ಸರಿ. ಡಿಸ್ಕ್‌ಗೆ ಟೆಕ್ಸ್ಟ್‌ಮೋಡೇ ಬೇಕು, ಏಕೆಂದರೆ ಡಿಸ್ಕ್ ಕಾಣದೆ ಬಣ್ಣದ ಪರದೆಯವರೆಗೆ ಹೋಗುವುದೇ ಇಲ್ಲ. ಟೆಕ್ಸ್ಟ್‌ಮೋಡ್ ಆರಿಸಿ, ಕೆಳಗೆ ಬಂದ ಪಟ್ಟಿಯಲ್ಲಿ ಐಸಿಎಚ್9ಎಂ ಒಂದನ್ನೇ ಗುರುತು ಮಾಡಿದೆ.

ಸಿಡಿ ಬರ್ನ್ ಮಾಡುವ ಮೊದಲು ಪರೀಕ್ಷಿಸಬೇಕಲ್ಲ. ವರ್ಚುವಲ್ ಮಷೀನ್ ಕಟ್ಟಿಕೊಡುವ ವರ್ಚುವಲ್‌ಬಾಕ್ಸ್‌ನಲ್ಲಿ ಎಕ್ಸ್‌ಪಿಗೆಂದು ಮಷೀನ್ ಮಾಡಿದರೆ ಅದು ಐಡಿಇ ಕಂಟ್ರೋಲರನ್ನೇ ಕೊಡುತ್ತದೆ. ಅಲ್ಲಿ ಪರೀಕ್ಷಿಸಿದರೆ ಡ್ರೈವರ್ ಇಲ್ಲದ ಸಿಡಿಯೂ ಪಾಸಾಗುತ್ತದೆ. ಅದಕ್ಕಾಗಿ ಐಡಿಇ ತೆಗೆದು ಡಿಸ್ಕನ್ನೂ ಸಿಡಿಯನ್ನೂ ಸಾಟಾ ಎಎಚ್‌ಸಿಐ ಕಂಟ್ರೋಲರ್‌ಗೆ ಜೋಡಿಸಿದೆ. ಬೂಟ್ ಮಾಡಿದೆ. 7ಬಿ.

ಅರ್ಧ ದಿನ ಅಲ್ಲೇ ಹೋಯಿತು. ಎನ್‌ಲೈಟ್‌ನಲ್ಲಿ ಮೊದಲಿಂದ ಮಾಡಿದೆ, ಡ್ರೈವರ್‌ನ ಬೇರೆ ಆವೃತ್ತಿ ಹಾಕಿದೆ, 64 ಬಿಟ್‌ನದ್ದೇನಾದರೂ ಬೆರೆತಿದೆಯೇ ಎಂದು ಒಂದೊಂದೇ ಫೈಲ್ ನೋಡಿದೆ. ಕೊನೆಗೆ ಅದೇ ವರ್ಚುವಲ್ ಮಷೀನ್‌ನಲ್ಲಿ ಲಿನಕ್ಸ್ ಬೂಟ್ ಮಾಡಿ ಎಲ್ಎಸ್‌ಪಿಸಿಐ ಕೊಟ್ಟೆ. 8086, 2829. ವರ್ಚುವಲ್‌ಬಾಕ್ಸ್ ತೋರಿಸುವ ಎಎಚ್‌ಸಿಐ ಕಂಟ್ರೋಲರ್ ಐಸಿಎಚ್8ಎಂ! ನನ್ನ ಸಿಡಿಯಲ್ಲಿ ಇದ್ದದ್ದು 2929ರ ಸಾಲು ಮಾತ್ರ. ಅದೇ ಡ್ರೈವರ್ ಫೈಲ್ ಎರಡನ್ನೂ ನಡೆಸಬಲ್ಲದು, ಆದರೆ ಈ ಸಂಖ್ಯೆ ಬಂದರೆ ಈ ಡ್ರೈವರನ್ನು ಕರೆ ಎಂದು ಹೇಳುವ ಸಾಲು ಇಲ್ಲದೆ ಸೆಟಪ್ ಅದನ್ನು ಕರೆಯುವುದಿಲ್ಲ. ಸಿಡಿಯ ಐ386 ಫೋಲ್ಡರ್‌ನಲ್ಲಿ ಟೆಕ್ಸ್ಟ್‌ಸೆಟಪ್ ಡಾಟ್ ಎಸ್ಐಎಫ್ ಎಂಬ ಫೈಲ್ ಇದೆ, ಅದನ್ನು ತೆರೆದು ಹುಡುಕಿದೆ. ಹೌದು, 2929 ಇತ್ತು, 2829 ಇರಲಿಲ್ಲ. ತಪ್ಪು ಸಿಡಿಯದ್ದಾಗಿರಲಿಲ್ಲ, ಪರೀಕ್ಷೆಯದ್ದಾಗಿತ್ತು.

ಎರಡು ಸಾಲನ್ನೂ ಸೇರಿಸಿ ಹೊಸ ಐಎಸ್‌ಒ ಮಾಡಿದೆ. ವರ್ಚುವಲ್ ಮಷೀನ್‌ನಲ್ಲಿ ಎಕ್ಸ್‌ಪಿ ಯಾರನ್ನೂ ಏನೂ ಕೇಳದೆ ಕೂತಿತು. ನಿಧಾನ ವೇಗದಲ್ಲಿ ಸಿಡಿ ಬರ್ನ್ ಮಾಡಿದೆ. ಹಳೆಯ ಡ್ರೈವ್‌ಗಳು ಅವಸರದಲ್ಲಿ ಬರೆದ ಸಿಡಿಯನ್ನು ಓದುವಾಗ ನಡುವೆ ತಡವರಿಸುತ್ತವೆ, ಅದನ್ನು ಹಿಂದೆ ಕಂಡಿದ್ದೆ.

ಲ್ಯಾಪ್‌ಟಾಪ್‌ಗೆ ಹಾಕುವ ಮೊದಲು ಇನ್ನೊಂದು ಕೆಲಸ ಇತ್ತು. ನಾನು ಅದರಲ್ಲಿ ಕೂರಿಸಿದ್ದು ಒಂದು ಎಸ್ಎಸ್‌ಡಿ. ಎಕ್ಸ್‌ಪಿ ತಾನೇ ಪಾರ್ಟಿಷನ್ ಮಾಡಿದರೆ 63ನೇ ಸೆಕ್ಟರ್‌ನಿಂದ, ಅಂದರೆ 512 ಬೈಟ್‌ನ 63ನೇ ಚೂರಿನಿಂದ, ಶುರುಮಾಡುತ್ತದೆ. 4096 ಬೈಟ್‌ನ ತುಂಡುಗಳಲ್ಲಿ ಕೆಲಸ ಮಾಡುವ ಡಿಸ್ಕ್‌ಗಳಿಗೆ ಅದು ಹೊಂದುವುದಿಲ್ಲ. ಒಂದು ತುಂಡು ಬರೆಯಬೇಕಾದಲ್ಲಿ ಎರಡು ತುಂಡನ್ನು ಮುಟ್ಟಬೇಕಾಗುತ್ತದೆ. ಲಿನಕ್ಸ್‌ನಲ್ಲಿ ಮೊದಲೇ 2048ನೇ ಸೆಕ್ಟರ್‌ನಿಂದ ಪಾರ್ಟಿಷನ್ ಮಾಡಿ, ವಿಂಡೋಸಿನ ಎನ್‌ಟಿಎಫ್ಎಸ್ ಫಾರ್ಮ್ಯಾಟ್ ಮಾಡಿ, ಬೂಟ್ ಆಗುವ ಗುರುತು ಹಾಕಿಟ್ಟೆ.

ಆರನೆಯ ದಿನ ಸಂಜೆ ಹೊಸ ಸಿಡಿ ಹಾಕಿದೆ. ಬೂದು ಪಟ್ಟಿ ಓಡಿತು. ಎಫ್6 ಸಾಲು ಬಂತು, ಈ ಸಲ ಏನನ್ನೂ ಒತ್ತಲಿಲ್ಲ. ವಿಂಡೋಸ್ ಶುರುವಾಗುತ್ತಿದೆ ಎಂಬ ಸಾಲು ಬಂದು ಅಲ್ಲೇ ನಿಂತಿತು. ಉಸಿರು ಬಿಗಿಹಿಡಿದು ಕೂತಿದ್ದೆ. ಸ್ವಾಗತದ ಪುಟ ಬಂತು. ಎಂಟರ್, ಎಫ್8, ಆಮೇಲೆ ಪಾರ್ಟಿಷನ್ ಪಟ್ಟಿ. ಡಿಸ್ಕಿನ ಸಾಲಿನ ಕೊನೆಯಲ್ಲಿ ಅದು ಯಾವ ಡ್ರೈವರ್‌ನ ಮೂಲಕ ಸಿಕ್ಕಿತು ಎಂದು ಬರೆದಿರುತ್ತದೆ. ಐಡಿಇಯಲ್ಲಾದರೆ ಅಲ್ಲಿ ಅಟಾಪಿ ಎಂದಿರುತ್ತದೆ. ನನ್ನ ಪರದೆಯ ಮೇಲೆ ಇದ್ದದ್ದು ಐಎಸ್ಟೋರ್. ಆ ಒಂದು ಪದವನ್ನು ಎಷ್ಟು ಹೊತ್ತು ನೋಡಿದೆನೋ.

ಇದ್ದ ಫೈಲ್ ಸಿಸ್ಟಮ್ ಹಾಗೇ ಇರಲಿ ಎಂದು ಆರಿಸಿದೆ. ನಕಲು ಮುಗಿದು ಯಂತ್ರ ರೀಸ್ಟಾರ್ಟ್ ಆಯಿತು. ಎದೆ ಮತ್ತೊಮ್ಮೆ ಹೊಡೆದುಕೊಂಡದ್ದು ಇಲ್ಲೇ, ಏಕೆಂದರೆ ಇನ್ನು ಬೂಟ್ ಆಗಬೇಕಾದದ್ದು ಸಿಡಿಯಿಂದಲ್ಲ, ಡಿಸ್ಕಿನಿಂದ. ಎಕ್ಸ್‌ಪಿಯ ಲೋಗೊ ಬಂತು, ಹಿಂದೆಯೇ ಇನ್ನು 39 ನಿಮಿಷ ಬಾಕಿ ಎಂಬ ಬಣ್ಣದ ಪರದೆ. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವುದೇ.

ನೆಟ್‌ವರ್ಕ್ ಡ್ರೈವರ್ ಬೇಕೆಂದೇ ಹಾಕಲಿಲ್ಲ. ಎಕ್ಸ್‌ಪಿಗೆ ನಿಯಮಿತವಾಗಿ ಬರುತ್ತಿದ್ದ ಸುರಕ್ಷತೆಯ ಅಪ್‌ಡೇಟ್‌ಗಳು 2014ರ ಏಪ್ರಿಲ್ 8ಕ್ಕೇ ನಿಂತಿವೆ. ಇಂಥ ಯಂತ್ರ ಇಂಟರ್ನೆಟ್‌ಗೆ ಕಾಲಿಡಬಾರದು. ಸ್ಕ್ಯಾನ್ ಆದ ಚಿತ್ರಗಳನ್ನು ಪೆನ್ ಡ್ರೈವ್‌ನಲ್ಲಿ ಸಾಗಿಸಿದರಾಯಿತು. ಎಲ್ಲ ಸರಿಹೋದ ಮೇಲೆ ಕ್ಲೋನ್‌ಜಿಲ್ಲಾದಿಂದ ಇಡೀ ಡಿಸ್ಕಿನ ಇಮೇಜ್ ತೆಗೆದು ಹೊರಗಿನ ಡಿಸ್ಕ್‌ನಲ್ಲಿ ಇಟ್ಟಿದ್ದೇನೆ. ಇದೇ ಲ್ಯಾಪ್‌ಟಾಪ್‌ನಲ್ಲಿ ಎಸ್ಎಸ್‌ಡಿ ಕೆಟ್ಟರೆ ಮತ್ತೆ ಈ ಪಾಡಿಲ್ಲ.

ಈ ನಡುವೆ ಗೆಳೆಯನೊಬ್ಬ ಹೊಸ ಡೆಸ್ಕ್‌ಟಾಪ್‌ಗೆ ವಿಂಡೋಸ್ 7 ಹಾಕಲು ಹೋಗಿ ಸಿಕ್ಕಿಹಾಕಿಕೊಂಡು ಫೋನ್ ಮಾಡಿದ. "ಸಿಡಿ ಡಿವಿಡಿ ಡ್ರೈವ್‌ನ ಡ್ರೈವರ್ ಇಲ್ಲ ಅಂತಿದೆ ಮಾರಾಯ. ಇದರಲ್ಲಿ ಡಿವಿಡಿ ಡ್ರೈವೇ ಇಲ್ವಲ್ಲ!" ಅಂದ. ಆ ಸಂದೇಶ ಎಷ್ಟೋ ಜನರ ದಾರಿ ತಪ್ಪಿಸಿದೆ. ಅವನು ಪೆನ್ ಡ್ರೈವ್‌ನಿಂದ ಬೂಟ್ ಮಾಡಿದ್ದ. ಅವನ ಬೋರ್ಡ್‌ನಲ್ಲಿರುವುದೆಲ್ಲ ಯುಎಸ್‌ಬಿ 3 ಕಂಟ್ರೋಲರ್, 2009ರ ವಿಂಡೋಸ್ 7ರಲ್ಲಿ ಅದರ ಡ್ರೈವರ್ ಇಲ್ಲ. ಹೊಸಿಲು ದಾಟಿದ ಮೇಲೆ ತಾನು ಬಂದ ಪೆನ್ ಡ್ರೈವ್ ಅದಕ್ಕೇ ಕಾಣದು. ಕೀಬೋರ್ಡೂ ಸತ್ತಿರುತ್ತದೆ. ಡಿಸ್ಕ್ ಎನ್‌ವಿಎಂಇ ಎಂಬ ಇನ್ನೂ ಹೊಸ ಬಗೆಯದಾಗಿದ್ದರೆ ಅದಕ್ಕೂ ಡ್ರೈವರ್ ಇಲ್ಲ. 2990941 ಮತ್ತು 3087873 ಎಂಬ ಸಂಖ್ಯೆಯ ಎರಡು ಹಾಟ್‌ಫಿಕ್ಸ್‌ಗಳು, ಅಂದರೆ ಬಿಡಿ ದುರಸ್ತಿಗಳು, ಅದಕ್ಕಾಗಿಯೇ ಬಂದವು. ವಿಂಡೋಸ್ 7ರ ಸೆಟಪ್ ಬೂಟ್ ಆಗುವ ಬೂಟ್ ಡಾಟ್ ವಿಮ್ ಫೈಲ್‌ನಲ್ಲಿ ಎರಡು ಇಮೇಜ್‌ಗಳಿರುತ್ತವೆ, ಸೆಟಪ್ ಓಡುವುದು ಎರಡನೆಯದರಿಂದ. ಅವನು ಡಿಐಎಸ್ಎಂ ಎಂಬ ಉಪಕರಣ ಬಳಸಿ ಮೊದಲನೆಯದಕ್ಕೆ ಮಾತ್ರ ಡ್ರೈವರ್ ಸೇರಿಸಿದ್ದ. ಎರಡನೆಯದಕ್ಕೂ, ಡಿಸ್ಕಿಗೆ ಹೋಗಿ ಕೂರುವ ವಿಂಡೋಸ್ ಇರುವ ಇನ್‌ಸ್ಟಾಲ್ ಡಾಟ್ ವಿಮ್‌ಗೂ ಸೇರಿಸು ಅಂದೆ. "ಮೊದಲು ಸಂಖ್ಯೆ ಓದಿ ಹೇಳು" ಎಂದು ಎಲ್ಎಸ್‌ಪಿಸಿಐ ಕೊಡಿಸಿದ ಮೇಲೇ ಉಳಿದ ಮಾತು.

ಮಾವ ಬಂದದ್ದು ಏಳನೆಯ ದಿನ ಬೆಳಿಗ್ಗೆ. ಸ್ಕ್ಯಾನರ್ ಜೋಡಿಸಿದೆ, ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಹೋಗಿ ಅದರ ಹೆಸರು ಬಂತು. ಅವರೇ ನೆಗೆಟಿವ್ ಪಟ್ಟಿಯ ಅಂಚು ಹಿಡಿದು, ಬೆರಳ ಗುರುತು ಬೀಳದ ಹಾಗೆ, ತೂರಿಸಿದರು. ಮುಕ್ಕಾಲು ಭಾಗಕ್ಕೆ ಬಂದಾಗ ಇಬ್ಬರೂ ಮಾತು ನಿಲ್ಲಿಸಿದೆವು. ಅದು ನಿಲ್ಲದೆ ಮುಂದಕ್ಕೆ ಹೋಗಿ ಕೊನೆ ಮುಟ್ಟಿತು. ಬಾಗಿಲ ಬಳಿ ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಹೆಂಗಸು.

"ನಿಮ್ಮಮ್ಮ ಕಣೋ ಇದು. ಮದುವೆಗೆ ಮುಂಚೆ" ಅಂದರು ಮಾವ.

ಸಿಡಿಯ ಕವರಿನ ಮೇಲೆ ಮಾಸದ ಮಸಿಯಲ್ಲಿ 8086, 2929 ಎಂದು ಬರೆದು ಸ್ಕ್ಯಾನರ್‌ನ ಪೆಟ್ಟಿಗೆಯೊಳಗೆ ಇಟ್ಟೆ. ಅಷ್ಟರಲ್ಲಿ ಅವರು ಎರಡನೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.